ಗೊತ್ತಿರುವ ಸಮಾಜವನ್ನೇ ಓದಿ ತಿಳಿಯುವ ಬಗೆ

ಜಾತಿಯ ಗುರುತು ಒಂದೆಡೆ ಬದಲಾಗುತ್ತಲೇ ಇದೆ, ಇನ್ನೊಂದೆಡೆ ನಿಂತಲ್ಲೇ ನಿಂತಿದೆ, ಏಕೆ? 2023ರ ಕೇಂದ್ರ ಲೋಕಸೇವಾ ಆಯೋಗದ ಮುಖ್ಯ ಪರೀಕ್ಷೆಯಲ್ಲಿ ಬಂದ ಒಂದು ಪ್ರಶ್ನೆಯ ಸಾರ ಇದು. ಇಂಥ ಪ್ರಶ್ನೆ ಕಂಡ ಕೂಡಲೇ ಬಹಳ ಅಭ್ಯರ್ಥಿಗಳಿಗೆ ನಿರಾಳವಾಗುತ್ತದೆ. ಇತಿಹಾಸದ ಇಸವಿ ಮರೆತುಹೋಗಬಹುದು, ಭೂಗೋಳದ ನಕ್ಷೆ ಕೈಕೊಡಬಹುದು. ಜಾತಿ ಎಂದರೇನೆಂದು ತಿಳಿಯದ ಭಾರತೀಯ ಯಾರಿದ್ದಾರೆ? ಪೆನ್ನು ಓಡುತ್ತದೆ. ಜಾತಿ ಒಂದು ಪಿಡುಗು, ಶಿಕ್ಷಣದಿಂದ ಅದು ಕಡಿಮೆಯಾಗುತ್ತಿದೆ, ರಾಜಕೀಯದಿಂದ ಹೆಚ್ಚುತ್ತಿದೆ, ಜನರ ಮನಸ್ಸು ಬದಲಾಗಬೇಕು. ಹಾಳೆ ತುಂಬುತ್ತದೆ, ಅಂಕ ಮಾತ್ರ ಬರುವುದಿಲ್ಲ.

ಭಾರತೀಯ ಸಮಾಜದ ಭಾಗವನ್ನು ಓದುವವರಿಗೆ ಎದುರಾಗುವ ದೊಡ್ಡ ತೊಡಕೇ ಇದು. ವಿಷಯ ನಮಗೆ ಮೊದಲೇ ಗೊತ್ತಿದೆ ಎನ್ನಿಸುತ್ತದೆ. ಹಾಗಾಗಿ ಓದುವುದನ್ನು ಕೊನೆಗೆ ತಳ್ಳುತ್ತೇವೆ, ಪರೀಕ್ಷೆಯಲ್ಲಿ ಅಭಿಪ್ರಾಯ ಬರೆದು ಬರುತ್ತೇವೆ. ಪರೀಕ್ಷಕರು ಕೇಳುವುದು ನಮ್ಮ ಅಭಿಪ್ರಾಯವನ್ನಲ್ಲ. ಕಣ್ಣೆದುರಿನ ಸಂಗತಿಗೆ ಕಾರಣ ಏನು, ಸಾಕ್ಷ್ಯ ಎಲ್ಲಿದೆ, ಅದು ಯಾರ ಬದುಕಿನಲ್ಲಿ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಕೇಳುತ್ತಾರೆ. ಕನ್ನಡ ನಾಡಿನ ಅಭ್ಯರ್ಥಿಗೆ ಇಲ್ಲೊಂದು ನಿಜವಾದ ಅನುಕೂಲವಿದೆ. ಭಾರತೀಯ ಸಮಾಜಶಾಸ್ತ್ರದ ಕೆಲವು ಮುಖ್ಯ ಪರಿಕಲ್ಪನೆಗಳು ಹುಟ್ಟಿದ್ದೇ ನಮ್ಮ ಹಳ್ಳಿಗಳಲ್ಲಿ. ಅವನ್ನು ಹಿಡಿದು ನಮ್ಮ ಊರನ್ನು ನೋಡಲು ಕಲಿತರೆ ಈ ಭಾಗ ಕಷ್ಟವಲ್ಲ.

ಮೊದಲು ಪತ್ರಿಕೆಯ ಸ್ವರೂಪ ನೋಡೋಣ. ಸಾಮಾನ್ಯ ಅಧ್ಯಯನದ ಮೊದಲ ಪತ್ರಿಕೆಗೆ 250 ಅಂಕ, 3 ಗಂಟೆ ಸಮಯ. ಒಟ್ಟು 20 ಪ್ರಶ್ನೆ, ಎಲ್ಲವೂ ಕಡ್ಡಾಯ. 10 ಅಂಕದ ಹತ್ತು ಪ್ರಶ್ನೆಗಳಿಗೆ ತಲಾ 150 ಪದ, 15 ಅಂಕದ ಹತ್ತು ಪ್ರಶ್ನೆಗಳಿಗೆ ತಲಾ 250 ಪದ. ಇತಿಹಾಸ, ಸಂಸ್ಕೃತಿ, ಭೂಗೋಳದ ಜೊತೆಗೆ ಭಾರತೀಯ ಸಮಾಜವೂ ಇಲ್ಲೇ ಇದೆ. ಇತ್ತೀಚಿನ ವರ್ಷಗಳಲ್ಲಿ ಸಮಾಜದ ಮೇಲೆ ಸಾಮಾನ್ಯವಾಗಿ ಆರೇಳು ಪ್ರಶ್ನೆ, ಅಂದರೆ 75 ಅಂಕದ ಆಸುಪಾಸು ಬರುತ್ತಿದೆ. ಪಠ್ಯಕ್ರಮ ನಾಲ್ಕೈದು ಸಾಲು ಅಷ್ಟೇ: ಭಾರತೀಯ ಸಮಾಜದ ಲಕ್ಷಣಗಳು ಮತ್ತು ವೈವಿಧ್ಯ, ಮಹಿಳೆಯರು ಮತ್ತು ಮಹಿಳಾ ಸಂಘಟನೆಗಳು, ಜನಸಂಖ್ಯೆ, ಬಡತನ, ನಗರೀಕರಣ, ಜಾಗತೀಕರಣದ ಪರಿಣಾಮ, ಸಾಮಾಜಿಕ ಸಬಲೀಕರಣ, ಕೋಮುವಾದ, ಪ್ರಾದೇಶಿಕತೆ, ಜಾತ್ಯತೀತತೆ. ಈ ಸಾಲುಗಳನ್ನು ಕೈಯಿಂದ ಬರೆದು ಓದುವ ಮೇಜಿನ ಎದುರು ಅಂಟಿಸಿಕೊಳ್ಳಿ. ದಿನಪತ್ರಿಕೆಯಲ್ಲಿ ಓದಿದ ಪ್ರತಿ ಸುದ್ದಿ ಇವುಗಳಲ್ಲಿ ಯಾವ ಸಾಲಿಗೆ ಸೇರುತ್ತದೆ ಎಂದು ಕೇಳಿಕೊಳ್ಳುವುದೇ ಅರ್ಧ ತಯಾರಿ.

ಒಂದು ಪ್ರಶ್ನೆಯನ್ನು ಬಿಡಿಸಿ ನೋಡೋಣ

ಜಾತಿಯ ಪ್ರಶ್ನೆಗೇ ಮರಳೋಣ. ಬದಲಾಗುತ್ತಿರುವುದು ಏನು, ಬದಲಾಗದಿರುವುದು ಏನು ಎಂದು ಮೊದಲು ಬೇರೆ ಮಾಡಿಕೊಳ್ಳಬೇಕು.

ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ಉಳಿದು ಅಧ್ಯಯನ ಮಾಡಿದರು. ತಮ್ಮ ಬರಹದಲ್ಲಿ ಆ ಊರಿಗೆ ರಾಂಪುರ ಎಂದು ಹೆಸರಿಟ್ಟರು. ಅಲ್ಲಿ ಅವರು ಕಂಡದ್ದನ್ನು ‘ಪ್ರಬಲ ಜಾತಿ’ ಎಂಬ ಪರಿಕಲ್ಪನೆಯಾಗಿ ರೂಪಿಸಿದರು. ಧಾರ್ಮಿಕ ಶ್ರೇಣಿಯಲ್ಲಿ ಮೇಲಿದ್ದ ಮಾತ್ರಕ್ಕೆ ಒಂದು ಜಾತಿ ಊರಿನಲ್ಲಿ ಪ್ರಬಲವಾಗುವುದಿಲ್ಲ. ಜನಬಲ, ಜಮೀನು, ಹಣ, ಅಧಿಕಾರ, ಓದು ಮತ್ತು ನೌಕರಿ ಕೂಡಿದಾಗ ಅದರ ಮಾತು ನಡೆಯುತ್ತದೆ. ಈ ಪರಿಕಲ್ಪನೆ ರೂಪುಗೊಳ್ಳುವ ಮೊದಲೇ, 1952ರಲ್ಲಿ ಪ್ರಕಟವಾದ ಕೊಡವರ ಕುರಿತ ಪುಸ್ತಕದಲ್ಲಿ, ಕೆಳಗಿನ ಶ್ರೇಣಿಯ ಸಮುದಾಯಗಳು ಮೇಲಿನವರ ಆಚರಣೆ, ಆಹಾರ, ದೇವರುಗಳನ್ನು ತಮ್ಮದಾಗಿಸಿಕೊಂಡು ಮೇಲೇರಲು ಯತ್ನಿಸುವ ‘ಸಂಸ್ಕೃತೀಕರಣ’ವನ್ನು ವಿವರಿಸಿದ್ದರು. ಜಾತಿಯ ಶ್ರೇಣಿ ಕಲ್ಲಿನಲ್ಲಿ ಕೊರೆದದ್ದಲ್ಲ ಎಂಬುದಕ್ಕೆ ಇವೆರಡರಿಂದಲೂ ಆಧಾರ ಸಿಗುತ್ತದೆ.

ಮುಂದಿನ ಹೆಜ್ಜೆಗೆ ಕರ್ನಾಟಕದ ಇತಿಹಾಸವೇ ಸಾಮಗ್ರಿ ಒದಗಿಸುತ್ತದೆ. ವೀರಶೈವ ಮಹಾಸಭೆ ಹುಟ್ಟಿದ್ದು 1904ರಲ್ಲಿ, ಒಕ್ಕಲಿಗರ ಸಂಘ 1906ರಲ್ಲಿ. ವಿದ್ಯಾರ್ಥಿ ನಿಲಯ ಕಟ್ಟಿಸಿ, ವಿದ್ಯಾರ್ಥಿವೇತನ ಕೊಟ್ಟು, ನೌಕರಿಯಲ್ಲಿ ಪಾಲು ಕೇಳಿ ಇಂಥ ಸಂಘಗಳು ಜಾತಿಗೆ ಹೊಸ ಕೆಲಸ ಕೊಟ್ಟವು. ಮೈಸೂರು ಸಂಸ್ಥಾನ 1918ರಲ್ಲಿ ಮಿಲ್ಲರ್ ಸಮಿತಿ ನೇಮಿಸಿ ಹಿಂದುಳಿದವರಿಗೆ ಸರ್ಕಾರಿ ಹುದ್ದೆಗಳ ಬಾಗಿಲು ತೆರೆಯುವ ದಾರಿ ಹುಡುಕಿತು. ದೇವರಾಜ ಅರಸು ಕಾಲದ ಭೂಸುಧಾರಣೆಯಲ್ಲಿ, 1974ರ ಮಾರ್ಚ್ 1ರಿಂದ, ಗೇಣಿದಾರರು ಹೊಲದ ಒಡೆಯರಾಗತೊಡಗಿದರು. ಅದೇ ಹೊತ್ತಿನಲ್ಲಿ ಹಾವನೂರು ಆಯೋಗ ಹಿಂದುಳಿದ ವರ್ಗಗಳ ಕುರಿತು ವರದಿ ಸಿದ್ಧಪಡಿಸುತ್ತಿತ್ತು. ಭೂಮಿ, ಓದು, ಮತ ಇವು ಕೈ ಬದಲಾದಂತೆಲ್ಲ ಜಾತಿಗಳ ಸ್ಥಾನ ಬದಲಾಯಿತು. ಜಾತಿ ಹೊಸ ಗುರುತು, ಹೊಸ ಸಂಘದ ರೂಪ ಪಡೆಯುತ್ತಿದೆ ಎಂಬ ಹೇಳಿಕೆಯನ್ನು ಚರ್ಚಿಸಲು 2018ರಲ್ಲಿ ಕೇಳಿದ್ದರು. ಆ ಉತ್ತರಕ್ಕೂ ಇದೇ ಸಾಮಗ್ರಿ ಸಾಕು.

ಇನ್ನು ಬದಲಾಗದ ಭಾಗ. ಭಾನುವಾರದ ಪತ್ರಿಕೆಯ ವಧು-ವರರ ಅಂಕಣ ತೆರೆದು ನಿಧಾನವಾಗಿ ಓದಿ. ಜಾಹೀರಾತುಗಳು ಜಾತಿಯ ಹೆಸರಿನಡಿ ವಿಂಗಡವಾಗಿರುತ್ತವೆ. ಹುಡುಗ ಸಾಫ್ಟ್‌ವೇರ್ ಎಂಜಿನಿಯರ್, ಹುಡುಗಿ ಎಂ.ಡಿ. ಮಾಡಿದ ವೈದ್ಯೆ, ಕೆಲಸ ವಿದೇಶದಲ್ಲಿ. ಆದರೂ ಗೋತ್ರ, ನಕ್ಷತ್ರ, ಪಂಗಡ ನಮೂದಾಗಿರುತ್ತದೆ. ಒಮ್ಮೊಮ್ಮೆ ‘ಉಪಜಾತಿ ಅಡ್ಡಿಯಿಲ್ಲ’ ಎಂಬ ಸಾಲೂ ಕಾಣಿಸುತ್ತದೆ. ಬೇಲಿ ಒಂದಿಷ್ಟು ಆಚೆ ಸರಿದಿದೆ, ಬಿದ್ದಿಲ್ಲ. ಆರ್ಥಿಕವಾಗಿ, ಸಾಮಾಜಿಕವಾಗಿ ಸರಿಸಮವಿರುವ ಜಾತಿಗಳ ನಡುವೆ ಮದುವೆ ಒಂದಿಷ್ಟು ಹೆಚ್ಚಿದೆ, ಧರ್ಮಗಳ ನಡುವೆ ಅಷ್ಟಾಗಿ ಇಲ್ಲ ಎಂಬ 2024ರ ಪ್ರಶ್ನೆಗೆ ಈ ಅಂಕಣ ಒಳ್ಳೆಯ ಉದಾಹರಣೆ. ಇದರ ಬೆನ್ನಿಗೆ ಅಂಬೇಡ್ಕರ್ ಅವರನ್ನು ತನ್ನಿ. 1916ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಮಂಡಿಸಿದ ಪ್ರಬಂಧದಲ್ಲಿ ಅವರು ಜಾತಿಯ ಜೀವಾಳ ಇರುವುದು ಒಳಗೊಳಗೇ ಮದುವೆಯಾಗುವ ಕಟ್ಟಳೆಯಲ್ಲಿ ಎಂದು ತೋರಿಸಿದರು. ಆ ಕಟ್ಟಳೆ ಉಳಿದಿರುವಷ್ಟು ಕಾಲ ವೃತ್ತಿ, ಊಟ, ಉಡುಪು ಎಲ್ಲ ಬದಲಾದರೂ ಜಾತಿ ಉಳಿಯುತ್ತದೆ.

ಉತ್ತರದ ಕೊನೆಯಲ್ಲಿ, ಬದಲಾವಣೆಯ ಫಲ ಎಲ್ಲರಿಗೂ ಸಮನಾಗಿ ಸಿಕ್ಕಿಲ್ಲ ಎಂಬುದನ್ನೂ ಬರೆಯಬೇಕು. ಮಲ ಹೊರುವ ಪದ್ಧತಿಯನ್ನು 1993ರಲ್ಲಿ ಒಮ್ಮೆ, 2013ರಲ್ಲಿ ಇನ್ನಷ್ಟು ಬಿಗಿಯಾಗಿ ಕಾನೂನು ನಿಷೇಧಿಸಿತು. ಅದೇ ಕೆಲಸ ಮಾಡುತ್ತಿದ್ದ ಕೋಲಾರ ಚಿನ್ನದ ಗಣಿ ಪ್ರದೇಶದ ಕುಟುಂಬದಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್, ಈ ಪದ್ಧತಿಯ ವಿರುದ್ಧ ನಡೆಸಿದ ಹೋರಾಟಕ್ಕೆ 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದರು. ಮಲಗುಂಡಿಗೆ ಇಳಿದು ಸಾಯುವವರ ಸುದ್ದಿ ಇಂದಿಗೂ ಬರುತ್ತಿದೆ. ಮೇಲಿನ ಮೆಟ್ಟಿಲುಗಳಲ್ಲಿ ಜಾತಿ ಚಲಿಸುತ್ತದೆ, ಕಟ್ಟಕಡೆಯ ಮೆಟ್ಟಿಲಲ್ಲಿ ವೃತ್ತಿಯೇ ಸೆರೆಯಾಗುತ್ತದೆ ಎಂದು ಬರೆದರೆ ಅದು ಭಾಷಣವಾಗುವುದಿಲ್ಲ, ವಿಶ್ಲೇಷಣೆಯಾಗುತ್ತದೆ.

ಇಷ್ಟನ್ನೂ 250 ಪದಗಳಲ್ಲಿ ತುರುಕಲು ಸಾಧ್ಯವಿಲ್ಲ, ಆಯ್ದುಕೊಳ್ಳಬೇಕು. ಆಯ್ದುಕೊಳ್ಳಲು ಕೈಯಲ್ಲಿ ಬೇಕಾದಷ್ಟು ಇರಬೇಕು.

ಯಾವ ಪುಸ್ತಕ, ಎಷ್ಟು

ಪುಸ್ತಕ ಕಡಿಮೆ ಇರಲಿ. ಎನ್‌ಸಿಇಆರ್‌ಟಿಯ 12ನೇ ತರಗತಿಯ ಎರಡು ಸಮಾಜಶಾಸ್ತ್ರ ಪುಸ್ತಕಗಳು, ಅಂದರೆ ಭಾರತೀಯ ಸಮಾಜ ಕುರಿತದ್ದು ಮತ್ತು ಭಾರತದಲ್ಲಿ ಸಾಮಾಜಿಕ ಬದಲಾವಣೆ ಕುರಿತದ್ದು, ಬುನಾದಿಗೆ ಸಾಕು. ಕನ್ನಡದಲ್ಲಿ ಬರೆಯುವವರು ನಮ್ಮ ಪಿಯುಸಿ ಸಮಾಜಶಾಸ್ತ್ರದ ಪಠ್ಯವನ್ನು ಜೊತೆಗಿಟ್ಟುಕೊಂಡರೆ ಪರಿಭಾಷೆ ಸಲೀಸಾಗಿ ಕೈಗೆ ಬರುತ್ತದೆ. ಕನ್ನಡ ‘ಯೋಜನಾ’ ಮಾಸಿಕದಲ್ಲಿ ಬೇಕಾದ ಸಂಚಿಕೆ ಆರಿಸಿಕೊಳ್ಳಿ. ಇದರಾಚೆಗೆ ಕಳೆದ ಹತ್ತು ವರ್ಷಗಳ ಪ್ರಶ್ನೆಪತ್ರಿಕೆಗಳು. ಐಚ್ಛಿಕ ವಿಷಯ ಸಮಾಜಶಾಸ್ತ್ರ ಅಲ್ಲದವರು ಮಾರ್ಕ್ಸ್, ವೇಬರ್, ದುರ್ಖೈಮ್ ಎಂದು ಆಳಕ್ಕೆ ಹೋಗುವ ಅಗತ್ಯವಿಲ್ಲ. ಕೋಚಿಂಗ್ ಟಿಪ್ಪಣಿಗಳ ರಾಶಿಯೂ ಬೇಡ. ಅವುಗಳಲ್ಲಿರುವ ಉದಾಹರಣೆಗಳೇ ಸಾವಿರಾರು ಉತ್ತರಪತ್ರಿಕೆಗಳಲ್ಲಿ ಮರುಕಳಿಸುತ್ತವೆ.

ನಮ್ಮ ಸಾಹಿತ್ಯವನ್ನು ಓದಿ ಎಂದು ಖಂಡಿತ ಹೇಳುತ್ತೇನೆ. ಸಿದ್ಧಲಿಂಗಯ್ಯನವರ ‘ಊರು ಕೇರಿ’, ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ ಇವೆರಡೂ ಆತ್ಮಕಥನಗಳು. ಅಸ್ಪೃಶ್ಯತೆ ಒಂದು ದಿನದ ನಡೆನುಡಿಯಲ್ಲಿ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಯಾವ ಪಠ್ಯಪುಸ್ತಕವೂ ಅಷ್ಟು ಹತ್ತಿರದಿಂದ ತೋರಿಸಲಾರದು. ಪರೀಕ್ಷೆಯಲ್ಲಿ ಅವನ್ನು ಹೆಸರಿಸಲೇಬೇಕೆಂದಿಲ್ಲ. ಓದಿದವರ ಉತ್ತರದ ತೂಕವೇ ಬೇರೆ ಇರುತ್ತದೆ.

ಅಂಕಿಯ ಹಿಂದೆ ಏನಿದೆ

ಅಂಕಿಅಂಶ ಬಾಯಿಪಾಠ ಮಾಡುವವರು ಬಹಳ. ಆ ಅಂಕಿ ಏನನ್ನು ಅಳೆಯುತ್ತದೆ ಎಂದು ಕೇಳುವವರು ಕಡಿಮೆ. 2011ರ ಜನಗಣತಿಯಲ್ಲಿ 1000 ಪುರುಷರಿಗೆ 943 ಮಹಿಳೆಯರು. 2019-21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 1020. ಹತ್ತೇ ವರ್ಷದಲ್ಲಿ ಹೆಣ್ಣುಮಕ್ಕಳ ಸ್ಥಿತಿ ಇಷ್ಟು ಸುಧಾರಿಸಿತು ಎಂದು ಬರೆದರೆ ತಪ್ಪು. ಮೊದಲನೆಯದು ಎಲ್ಲರ ಎಣಿಕೆ, ಎರಡನೆಯದು ಆಯ್ದ ಮನೆಗಳ ಸಮೀಕ್ಷೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬಾರದು.

ಮಹಿಳಾ ದುಡಿಮೆಯ ಅಂಕಿಯೂ ಹಾಗೆಯೇ. ಕಾರ್ಮಿಕ ಬಲ ಸಮೀಕ್ಷೆಯ ಪ್ರಕಾರ 15 ವರ್ಷ ಮೀರಿದ ಮಹಿಳೆಯರ ಪಾಲ್ಗೊಳ್ಳುವಿಕೆ 2017-18ರಲ್ಲಿ ಶೇ 23.3 ಇದ್ದದ್ದು 2023-24ರಲ್ಲಿ ಶೇ 41.7ಕ್ಕೆ ಏರಿತು. ಏರಿಕೆ ನಿಜ. ಅದರಲ್ಲಿ ದೊಡ್ಡ ಪಾಲು ಗ್ರಾಮೀಣ ಭಾಗದ ಸ್ವಯಂ ಉದ್ಯೋಗ, ಮನೆಯ ಹೊಲ ಅಥವಾ ಅಂಗಡಿಯಲ್ಲಿ ಸಂಬಳವಿಲ್ಲದ ದುಡಿಮೆ ಎಂಬುದೂ ನಿಜ. ಎರಡನ್ನೂ ಬರೆದವರಿಗೆ ಅಂಕ.

ನಗರೀಕರಣಕ್ಕೆ ಬನ್ನಿ. 2011ರಲ್ಲಿ ದೇಶದ ಶೇ 31ರಷ್ಟು ಜನ ನಗರವಾಸಿಗಳು, ಕರ್ನಾಟಕದಲ್ಲಿ ಶೇ 38ಕ್ಕೂ ಹೆಚ್ಚು. ಇಲ್ಲಿ ಗಮನಿಸಬೇಕಾದದ್ದು ಜನಗಣತಿ ಯಾವುದನ್ನು ಪಟ್ಟಣ ಎನ್ನುತ್ತದೆ ಎಂಬುದು. ಪುರಸಭೆ, ನಗರಸಭೆ ಇರುವ ಊರುಗಳು ಹೇಗೂ ಪಟ್ಟಣಗಳೇ. ಅವಲ್ಲದೆ 5000 ಜನಸಂಖ್ಯೆ, ದುಡಿಯುವ ಗಂಡಸರಲ್ಲಿ ಕನಿಷ್ಠ ಶೇ 75 ಮಂದಿ ಕೃಷಿಯೇತರ ಕೆಲಸದಲ್ಲಿ, ಚದರ ಕಿಲೋಮೀಟರಿಗೆ 400 ಜನಸಾಂದ್ರತೆ, ಈ ಮೂರೂ ಇದ್ದರೆ ಅದು ‘ಜನಗಣತಿ ಪಟ್ಟಣ’. ಇಂಥವು 2001ರಲ್ಲಿ 1362 ಇದ್ದವು, 2011ರಲ್ಲಿ 3894 ಆದವು. ಇಷ್ಟೊಂದು ಊರುಗಳು ಬದುಕಿನಲ್ಲಿ ಪಟ್ಟಣ, ಆಡಳಿತದಲ್ಲಿ ಗ್ರಾಮ ಪಂಚಾಯಿತಿ. ಬೆಂಗಳೂರಿನ ಅಂಚಿನಲ್ಲೋ ಮಂಗಳೂರಿನ ಆಸುಪಾಸಿನಲ್ಲೋ ಇರುವವರಿಗೆ ಇದನ್ನು ವಿವರಿಸಬೇಕಿಲ್ಲ. ಹತ್ತು ಮಹಡಿಯ ಅಪಾರ್ಟ್‌ಮೆಂಟು ಎದ್ದಿದೆ, ಒಳಚರಂಡಿ ಇಲ್ಲ. ಟ್ಯಾಂಕರ್ ನೀರು ಬರುತ್ತದೆ, ಕಸ ಕೆರೆಯಂಗಳ ಸೇರುತ್ತದೆ. ಪಂಚಾಯಿತಿಗೆ ಅಷ್ಟು ಸಿಬ್ಬಂದಿಯೂ ಇಲ್ಲ, ಆದಾಯವೂ ಇಲ್ಲ. ನಗರದ ಸಮಸ್ಯೆಗೆ ಪರಿಹಾರ ಬರೆಯುವಾಗ ಸ್ಮಾರ್ಟ್ ಸಿಟಿ, ಮೆಟ್ರೊ ಎಂದು ಶುರುಮಾಡುವ ಬದಲು ಈ ನಡುವಿನ ಊರುಗಳಿಂದ ಶುರುಮಾಡಿ ನೋಡಿ.

ಜನಸಂಖ್ಯೆಯ ವಿಷಯದಲ್ಲಿ ಹಳೆಯ ‘ಜನಸಂಖ್ಯಾ ಸ್ಫೋಟ’ದ ಪ್ರಬಂಧ ಮರೆತುಬಿಡಿ. ಅದೇ ಐದನೇ ಸಮೀಕ್ಷೆಯಂತೆ ದೇಶದ ಒಟ್ಟು ಫಲವಂತಿಕೆ ದರ 2.0, ಕರ್ನಾಟಕದ್ದು 1.7. ಇನ್ನು ಮುಂದಿನ ಪ್ರಶ್ನೆಗಳು ವೃದ್ಧರ ಆರೈಕೆ, ವಲಸೆ, ಲೋಕಸಭಾ ಕ್ಷೇತ್ರಗಳ ಮರುವಿಂಗಡಣೆಯಲ್ಲಿ ದಕ್ಷಿಣದ ರಾಜ್ಯಗಳ ಆತಂಕ ಇವುಗಳ ಸುತ್ತ ಹುಟ್ಟುತ್ತವೆ. ಬಡತನಕ್ಕೆ ನೀತಿ ಆಯೋಗದ ಬಹುಆಯಾಮದ ಸೂಚ್ಯಂಕ ನೋಡಿಕೊಳ್ಳಿ: 2015-16ರಲ್ಲಿ ಶೇ 24.85, 2019-21ರಲ್ಲಿ ಶೇ 14.96.

ಮಹಿಳಾ ಸಂಘಟನೆ: ಹೆಸರುಗಳ ಪಟ್ಟಿಯಾಚೆ

ಈ ಭಾಗದಲ್ಲಿ ಎಲ್ಲರೂ ಬರೆಯುವ ಸಾಲು ಒಂದಿದೆ: 1917ರಲ್ಲಿ ಮದ್ರಾಸಿನ ಮಹಿಳಾ ಭಾರತೀಯ ಸಂಘ, 1927ರಲ್ಲಿ ಅಖಿಲ ಭಾರತ ಮಹಿಳಾ ಸಮ್ಮೇಳನ, 1972ರಲ್ಲಿ ಅಹಮದಾಬಾದಿನ ‘ಸೇವಾ’ ಸಂಸ್ಥೆ. ಇವು ಬೇಕು. ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರು ಮಹಿಳಾ ಸಮ್ಮೇಳನವನ್ನು ಕಟ್ಟಿದವರಲ್ಲಿ ಒಬ್ಬರು ಎಂಬುದೂ ನೆನಪಿರಲಿ. ಆದರೆ ಮಹಿಳಾ ಚಳವಳಿ ತಳವರ್ಗದ ಹೆಣ್ಣುಮಕ್ಕಳ ಸಮಸ್ಯೆಗೆ ಸ್ಪಂದಿಸಿಲ್ಲ ಎಂಬ ಹೇಳಿಕೆ ಕೊಟ್ಟು 2018ರಲ್ಲಿ ಕೇಳಿದರಲ್ಲ, ಅಲ್ಲಿ ಈ ಪಟ್ಟಿ ಸಾಲುವುದಿಲ್ಲ.

2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳ ಸಾವಿರಾರು ಹೆಣ್ಣುಮಕ್ಕಳು ಹೊಸೂರು ರಸ್ತೆಗೆ ಇಳಿದರು. ಭವಿಷ್ಯ ನಿಧಿಯಲ್ಲಿ ಮಾಲೀಕರು ಹಾಕಿದ ಪಾಲನ್ನು 58 ವರ್ಷ ತುಂಬುವ ತನಕ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ನಿಯಮ ತರಲು ಹೊರಟಿತ್ತು. ಕಚೇರಿಯಲ್ಲಿ ಕುಳಿತು ನೋಡಿದರೆ ಮುಪ್ಪಿನ ಭದ್ರತೆಗೆ ಮಾಡಿದ ಒಳ್ಳೆಯ ನಿಯಮ. ಹೊಲಿಗೆ ಯಂತ್ರದ ಮುಂದೆ ಕುಳಿತವಳಿಗೆ ಅದು ಬೇರೆ. ಅಲ್ಲಿ 58ರ ತನಕ ದುಡಿಯುವವರು ಅಪರೂಪ. ಸೊಂಟ, ಕಣ್ಣು ಸೋತು ನಡುವಯಸ್ಸಿಗೇ ಕೆಲಸ ಬಿಡುವವರಿಗೆ ಪಿಎಫ್ ಎಂದರೆ ಮಗಳ ಫೀಸು, ಸಾಲದ ಕಂತು, ಊರಿನಲ್ಲಿ ಒಂದು ಸೂರು. ದೊಡ್ಡ ನಾಯಕರಿಲ್ಲದೆ ಹೊತ್ತಿಕೊಂಡ ಆ ಪ್ರತಿಭಟನೆ ಎರಡನೆಯ ದಿನ ಹಿಂಸೆಗೂ ತಿರುಗಿತು. ಅಂದೇ ಸರ್ಕಾರ ನಿಯಮವನ್ನು ಕೈಬಿಟ್ಟಿತು. ಈ ಒಂದು ಘಟನೆಯಲ್ಲಿ ಜಾಗತಿಕ ಮಾರುಕಟ್ಟೆಗೆ ಬಟ್ಟೆ ಹೊಲಿಯುವ ಉದ್ಯಮವಿದೆ, ಹಳ್ಳಿಯಿಂದ ನಗರಕ್ಕೆ ವಲಸೆಯಿದೆ, ವರ್ಗ ಮತ್ತು ಲಿಂಗ ಕೂಡಿಕೊಳ್ಳುವ ಬಗೆಯಿದೆ, ನೀತಿ ರೂಪಿಸುವವರು ಹೆಣ್ಣಿನ ಬದುಕನ್ನು ಗಮನಿಸದಿದ್ದರೆ ಏನಾಗುತ್ತದೆ ಎಂಬುದಕ್ಕೆ ಪುರಾವೆಯಿದೆ. ಯೋಜನೆ ರೂಪಿಸುವಾಗ ಲಿಂಗದ ಕಾಳಜಿ ಏಕೆ ಮುಖ್ಯ ಎಂದು 2024ರಲ್ಲಿ ಕೇಳಿದ್ದಕ್ಕೆ ಇದು ನೇರ ಉತ್ತರ. ಇಂಥ ಘಟನೆಗಳು ಹತ್ತು ಹನ್ನೆರಡು ನಿಮ್ಮ ಟಿಪ್ಪಣಿಯಲ್ಲಿದ್ದರೆ ಯಾವ ಪ್ರಶ್ನೆ ಬಂದರೂ ಭಯವಿಲ್ಲ.

ಅಧಿಕಾರದ ಹಂಚಿಕೆಗೂ ನಮ್ಮಲ್ಲೇ ಉದಾಹರಣೆ ಇದೆ. ಸಂವಿಧಾನದ 73ನೇ ತಿದ್ದುಪಡಿಗೆ ಹತ್ತು ವರ್ಷ ಮೊದಲೇ, 1983ರ ಕಾಯ್ದೆಯ ಮೂಲಕ, ಕರ್ನಾಟಕ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳಲ್ಲಿ ಮಹಿಳೆಯರಿಗೆ ಶೇ 25 ಮೀಸಲಾತಿ ಕೊಟ್ಟಿತ್ತು. ನಿಮ್ಮ ಪಂಚಾಯಿತಿಯ ಅಧ್ಯಕ್ಷೆ ಸಭೆಯಲ್ಲಿ ತಾವೇ ಮಾತಾಡುತ್ತಾರೋ, ಪಕ್ಕದಲ್ಲಿ ಕುಳಿತ ಗಂಡ ಮಾತಾಡುತ್ತಾರೋ ಒಮ್ಮೆ ಹೋಗಿ ನೋಡಿ. ಎರಡನೆಯ ಅವಧಿಗೆ ಗೆದ್ದವರು ಹೇಗೆ ಬದಲಾಗಿದ್ದಾರೆ ಎಂಬುದನ್ನೂ ಕೇಳಿ ತಿಳಿಯಿರಿ.

ಎಚ್ಚರ ಬೇಡುವ ವಿಷಯಗಳು

ಪ್ರಾದೇಶಿಕತೆ ಎಂದರೆ ಭಾಷೆಯ ಜಗಳ ಎಂದೇ ಬಹುಮಂದಿ ಬರೆಯುತ್ತಾರೆ. ಕಲ್ಯಾಣ ಕರ್ನಾಟಕದ ಅಸಮಾಧಾನ ಭಾಷೆಯದಲ್ಲ, ಅಭಿವೃದ್ಧಿಯದು. ನಿಜಾಮರ ಆಳ್ವಿಕೆಯಿಂದ ಬಂದ ಹಿಂದುಳಿದಿರುವಿಕೆ ಏಕೀಕರಣದ ನಂತರವೂ ನೀಗಲಿಲ್ಲ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು; ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕಲಬುರಗಿ ವಿಭಾಗದವು. ಮುಂದೆ 2012ರ 98ನೇ ತಿದ್ದುಪಡಿಯಿಂದ ಬಂದ 371(ಜೆ) ವಿಧಿ ಆ ಭಾಗಕ್ಕೆ ಪ್ರತ್ಯೇಕ ಅಭಿವೃದ್ಧಿ ಮಂಡಳಿ, ಶಿಕ್ಷಣ ಮತ್ತು ಉದ್ಯೋಗದಲ್ಲಿ ಸ್ಥಳೀಯರಿಗೆ ಮೀಸಲಾತಿ ತಂದಿತು. ಪ್ರಾದೇಶಿಕ ಬೇಡಿಕೆಗೆ ಸಂವಿಧಾನದೊಳಗೇ ಉತ್ತರ ಹುಡುಕಿದ ಉದಾಹರಣೆಯಿದು. ಪ್ರಾದೇಶಿಕತೆ ದೇಶದ ಏಕತೆಗೆ ಅಪಾಯ ಎಂದು ಒಂದೇ ಉಸಿರಿನಲ್ಲಿ ಬರೆದುಬಿಡುವ ಮೊದಲು ಇದನ್ನು ಯೋಚಿಸಿ.

ಕೋಮುವಾದದ ಪ್ರಶ್ನೆಯಲ್ಲಿ ಕೆಲವರು ಪಕ್ಷ ಹಿಡಿಯುತ್ತಾರೆ, ಕೆಲವರು ವಿವಿಧತೆಯಲ್ಲಿ ಏಕತೆ ಎಂದು ಹೇಳಿ ಜಾರಿಕೊಳ್ಳುತ್ತಾರೆ. ಎರಡೂ ಬೇಡ. ಒಂದು ಧರ್ಮದವರ ಲೌಕಿಕ ಹಿತಾಸಕ್ತಿಗಳೆಲ್ಲ ಒಂದೇ ಎನ್ನುವುದು, ಅವು ಬೇರೆ ಧರ್ಮದವರಿಗಿಂತ ಭಿನ್ನ ಎನ್ನುವುದು, ಕೊನೆಗೆ ಪರಸ್ಪರ ವಿರುದ್ಧ ಎನ್ನುವುದು, ಹೀಗೆ ಇತಿಹಾಸಕಾರ ಬಿಪಿನ್ ಚಂದ್ರ ಗುರುತಿಸಿದ ಮೂರು ಹಂತಗಳು ವಿಶ್ಲೇಷಣೆಗೆ ಚೌಕಟ್ಟು ಕೊಡುತ್ತವೆ. ಜಾತ್ಯತೀತತೆ ಸಂವಿಧಾನದ ಮೂಲ ರಚನೆಯ ಭಾಗ ಎಂದು ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದ್ದು 1994ರ ಎಸ್.ಆರ್. ಬೊಮ್ಮಾಯಿ ಪ್ರಕರಣದಲ್ಲಿ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹಿಂದೂಗಳೂ ಸೇರಿ ಮೊಹರಂ ಆಚರಿಸುವುದನ್ನು ಬರೆಯಿರಿ, ಶಿಶುನಾಳ ಶರೀಫರು ಮತ್ತು ಗೋವಿಂದ ಭಟ್ಟರ ಗುರುಶಿಷ್ಯ ಸಂಬಂಧವನ್ನೂ ಬರೆಯಿರಿ. ಅಂಥ ಬಾಳ್ವೆ ಯಾವ ಆರ್ಥಿಕ ಅವಲಂಬನೆಯ ಮೇಲೆ ನಿಂತಿತ್ತು, ಎಲ್ಲಿ ಏಕೆ ಸಡಿಲವಾಯಿತು ಎಂದೂ ಕೇಳಿ.

ಬರೆಯುವ ಮೇಜಿನಲ್ಲಿ

ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. ಪ್ರಶ್ನೆಪತ್ರಿಕೆ ಮಾತ್ರ ಇಂಗ್ಲಿಷ್ ಮತ್ತು ಹಿಂದಿಯಲ್ಲಿರುತ್ತದೆ. ಆದ್ದರಿಂದ ಇಂಗ್ಲಿಷಿನಲ್ಲಿ ಪ್ರಶ್ನೆ ಓದಿ ಕನ್ನಡದಲ್ಲಿ ಯೋಚಿಸುವ ಅಭ್ಯಾಸವನ್ನು ಮೊದಲ ದಿನದಿಂದಲೇ ಮಾಡಬೇಕು. ನೂರಿನ್ನೂರು ಪಾರಿಭಾಷಿಕ ಪದಗಳ ಒಂದು ಪುಟ್ಟ ನೋಟ್‌ಬುಕ್ ಮಾಡಿ, ಒಂದು ಪರಿಕಲ್ಪನೆಗೆ ಒಂದೇ ಕನ್ನಡ ಪದ ಗೊತ್ತುಮಾಡಿಕೊಳ್ಳಿ. ಉತ್ತರದ ಮೊದಲಲ್ಲಿ ಒಂದು ಪದ, ನಡುವೆ ಇನ್ನೊಂದು ಬಳಸಿದರೆ ಮೌಲ್ಯಮಾಪಕರಿಗೆ ಗೊಂದಲ.

ಹತ್ತು ಅಂಕದ ಪ್ರಶ್ನೆಗೆ 7 ನಿಮಿಷ, ಹದಿನೈದರದಕ್ಕೆ 11 ನಿಮಿಷ. ಇಷ್ಟಕ್ಕೇ 180 ನಿಮಿಷ ಮುಗಿಯುತ್ತದೆ, ಯೋಚಿಸಲು ಪ್ರತ್ಯೇಕ ಸಮಯವಿಲ್ಲ. ಪೀಠಿಕೆ ಎರಡು ಸಾಲು ಮೀರದಿರಲಿ. ‘ಚರ್ಚಿಸಿ’ ಎಂದರೆ ಎರಡೂ ಮಗ್ಗುಲು, ‘ನೀವು ಒಪ್ಪುತ್ತೀರಾ’ ಎಂದರೆ ನಿಲುವು ಮತ್ತು ಅದರ ಆಧಾರ. ಮಕ್ಕಳನ್ನು ಮುದ್ದಿಸುವ ಜಾಗಕ್ಕೆ ಮೊಬೈಲ್ ಬಂದಿದೆ ಎಂಬಂಥ, 2023ರಲ್ಲಿ ಬಂದ, ಪ್ರಶ್ನೆ ಎದುರಾದಾಗ ಗಾಬರಿ ಬೇಡ. ಕುಟುಂಬ ಚಿಕ್ಕದಾದದ್ದು, ತಂದೆತಾಯಿ ಇಬ್ಬರೂ ದುಡಿಯುವುದು, ಅಜ್ಜ ಅಜ್ಜಿ ಊರಲ್ಲೇ ಉಳಿದದ್ದು, ಆಡಲು ಬಯಲಿಲ್ಲದ ಬಡಾವಣೆ, ಇಷ್ಟನ್ನು ‘ಸಾಮಾಜೀಕರಣ’ ಎಂಬ ಪರಿಕಲ್ಪನೆಗೆ ಜೋಡಿಸಿದರೆ ಉತ್ತರ ಸಿದ್ಧ.

ಟಿಪ್ಪಣಿಯಲ್ಲಿ ಪ್ರತಿ ಅಂಕಿಯ ಪಕ್ಕ ಅದರ ವರ್ಷ ಬರೆದು ಒಂದಿಷ್ಟು ಜಾಗ ಬಿಡಿ. 2027ರ ಮಾರ್ಚ್ 1ನ್ನು ಆಧಾರ ದಿನವಾಗಿಟ್ಟು ಜನಗಣತಿ ನಿಗದಿಯಾಗಿದೆ, 1931ರ ನಂತರ ಮೊದಲ ಬಾರಿಗೆ ಎಲ್ಲ ಜಾತಿಗಳ ಎಣಿಕೆಯೂ ಅದರಲ್ಲಿ ಸೇರಿದೆ. ಆ ಫಲಿತಾಂಶ ಬಂದಂತೆ ಹಳೆಯ ಅಂಕಿಗಳನ್ನು ತಿದ್ದಿಕೊಳ್ಳಬೇಕಾಗುತ್ತದೆ. ವಾರಕ್ಕೆ ನಾಲ್ಕು ಉತ್ತರ ಗಡಿಯಾರ ಇಟ್ಟು ಬರೆಯಿರಿ. ಬರೆದದ್ದನ್ನು ನಿಮ್ಮ ಹಿನ್ನೆಲೆಯವರಲ್ಲದ ಸ್ನೇಹಿತರೊಬ್ಬರಿಗೆ ಓದಲು ಕೊಡಿ. ನಿಮಗೆ ಸಹಜವೆನಿಸಿದ ಯಾವ ಸಾಲಿನಲ್ಲಿ ನಿಮ್ಮ ಜಾತಿ, ಊರು, ಲಿಂಗ ತಾನಾಗಿ ಮಾತಾಡಿದೆ ಎಂಬುದನ್ನು ಅವರು ಬೇಗ ಗುರುತಿಸುತ್ತಾರೆ.